ಕಡತ ಓದುವುದೂ ಒಂದು ವಿದ್ಯೆ

ಸರ್ಕಾರಿ ಸೇವೆಗೆ ಸೇರಿದ ಹೊಸದರಲ್ಲಿ ಹಿರಿಯ ಶಿರಸ್ತೇದಾರರೊಬ್ಬರು ನನಗೆ ಪಹಣಿ ಓದುವುದನ್ನು ಕಲಿಸಿದರು. ‘2-20’ ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನು ದಶಾಂಶವೆಂದು ತಿಳಿದು 2.20 ಎಕರೆ ಎಂದು ಓದಿದವನು ರೈತನ ಹನ್ನೆರಡು ಗುಂಟೆ ಭೂಮಿಯನ್ನು ಕಾಗದದ ಮೇಲೆಯೇ ಕಳೆದಂತೆ.

ದಶಕಗಳ ಬಳಿಕ ಆ ಪಾಠ ನೆನಪಾದದ್ದು ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ. ನಮ್ಮ ಪಕ್ಕದ ಮನೆಯ ಯುವತಿ ಔಷಧ ಅಣುಗಳ ಕುರಿತು ಸಂಶೋಧನೆ ನಡೆಸುತ್ತಿದ್ದಾಳೆ. ಅಣುವಿನ ರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಪ್ರೋಟೀನಿನ ಯಾವ ಸಂದಿಯಲ್ಲಿ ಅದು ಕೂರಬಲ್ಲದೆಂದು ಲೆಕ್ಕ ಹಾಕುವ ಕೆಲಸ. ಬೆಳಗಿನ ನಡಿಗೆಯಲ್ಲಿ ಜೊತೆಯಾದ ಆಕೆ, ‘ಅಂಕಲ್, ಮೂರು ವಾರದಿಂದ ಸಂಶೋಧನೆಯೇ ಇಲ್ಲ, ಬರೀ ಫೈಲ್ ಓದಿಸೋದೇ ಆಗಿದೆ’ ಎಂದಳು. ಹಿಂದಿನವರು ಮಾಡಿಟ್ಟ ಲೆಕ್ಕಗಳು ಈಗ ಬಳಕೆಯಲ್ಲಿಲ್ಲದ ತಂತ್ರಾಂಶವೊಂದರ ಕಡತಗಳಲ್ಲಿವೆ. ಹೊಸ ತಂತ್ರಾಂಶಕ್ಕೆ ಅವು ಅರ್ಥವಾಗವು. ಹಳೆಯ ಕಡತವನ್ನು ಸಾಲುಸಾಲಾಗಿ ಓದಿ ಹೊಸದಕ್ಕೆ ಒಪ್ಪಿಸುವ ಪ್ರೋಗ್ರಾಮನ್ನು ಆಕೆಯೇ ಬರೆಯಬೇಕಾಗಿತ್ತು. ಇದನ್ನು ‘ಇಂಪೋರ್ಟರ್’ ಎನ್ನುತ್ತಾರೆ.

ಇದು ಗುಮಾಸ್ತೆಯ ಕೆಲಸವೆಂದು ನಾನು ಭಾವಿಸಿದ್ದೆ. ಆಕೆಯ ವಿವರಣೆ ಕೇಳಿದ ಮೇಲೆ ಆ ಭಾವನೆ ಉಳಿಯಲಿಲ್ಲ. ಪ್ರೋಟೀನ್ ಮೊದಲಾದ ಜೈವಿಕ ಅಣುಗಳ ರಚನೆಗಳನ್ನು ಕಾಯ್ದಿಡುವ ಜಾಗತಿಕ ಭಂಡಾರ, ಪ್ರೋಟೀನ್ ಡೇಟಾ ಬ್ಯಾಂಕ್, ಆರಂಭವಾದದ್ದು 1971ರಲ್ಲಿ. ಅದರ ಹಳೆಯ ಕಡತ ಮಾದರಿ ಪಂಚ್ ಕಾರ್ಡ್ ಕಾಲದ್ದು. ಸಾಲಿಗೆ 80 ಕಾಲಂ. ಪರಮಾಣುವಿನ ಹೆಸರಿಗೆ 13ರಿಂದ 16ರವರೆಗಿನ ಕಾಲಂ ಮೀಸಲು. ‘ಸಿಎ’ ಎಂಬುದು 13ನೇ ಕಾಲಂನಲ್ಲಿ ಆರಂಭವಾದರೆ ಕ್ಯಾಲ್ಸಿಯಂ. 14ರಲ್ಲಿ ಆರಂಭವಾದರೆ ಪ್ರೋಟೀನಿನ ಬೆನ್ನೆಲುಬಿನ ಇಂಗಾಲ. ಒಂದು ಖಾಲಿ ಜಾಗವನ್ನು ಕಡೆಗಣಿಸಿದರೆ ಇಂಗಾಲ ಲೋಹವಾಗಿಬಿಡುತ್ತದೆ.

ಅಳತೆಯ ಮಾನದ್ದೂ ಎಕರೆ–ಗುಂಟೆಯ ಕಥೆಯೇ. ಈ ಭಂಡಾರದ ಕಡತಗಳಲ್ಲಿ ದೂರವನ್ನು ಆಂಗ್‌ಸ್ಟ್ರಾಮ್‌ಗಳಲ್ಲಿ ಬರೆದರೆ, ಗ್ರೋಮ್ಯಾಕ್ಸ್ ಎಂಬ ತಂತ್ರಾಂಶ ತನ್ನ ಕಡತದಲ್ಲಿ ನ್ಯಾನೊಮೀಟರ್‌ಗಳಲ್ಲಿ ಬರೆಯುತ್ತದೆ. ಒಂದು ನ್ಯಾನೊಮೀಟರ್ ಎಂದರೆ 10 ಆಂಗ್‌ಸ್ಟ್ರಾಮ್. ಆಕೆಯ ಹಳೆಯ ಕಡತಗಳಲ್ಲಿ ಮಾನ ಯಾವುದೆಂದೇ ನಮೂದಿಸಿರಲಿಲ್ಲ. ತಪ್ಪಾಗಿ ಊಹಿಸಿದ್ದರಿಂದ ಅಣು ಹತ್ತನೆಯ ಒಂದರಷ್ಟಕ್ಕೆ ಕುಗ್ಗಿತ್ತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ನಕ್ಷೆಯಿಂದ ಪ್ರೋಟೀನ್ ರಚನೆಯನ್ನು ಇಂದಿಗೂ ಪರೀಕ್ಷಿಸುತ್ತಾರೆ. ಆದರೆ ಅದು ನೋಡುವುದು ಕೋನಗಳನ್ನು. ಅಣು ಕುಗ್ಗಿದರೂ ಕೋನ ಬದಲಾಗದು. ಎರಡು ಇಂಗಾಲಗಳ ನಡುವಿನ ಒಂಟಿ ಬಂಧ ಸುಮಾರು 1.54 ಆಂಗ್‌ಸ್ಟ್ರಾಮ್ ಇದೆಯೇ ಎಂದು ಅಳೆದಾಗಲೇ ತಪ್ಪು ಆಕೆಗೆ ತಿಳಿದದ್ದು.

ಹಳೆಯ ಮಾದರಿಯಲ್ಲಿ ಪರಮಾಣುವಿನ ಕ್ರಮಸಂಖ್ಯೆಗೆ ಐದೇ ಕಾಲಂ. 99,999 ದಾಟಿದರೆ ಜಾಗವಿಲ್ಲ. ಹೀಗಾಗಿ ಪ್ರತಿ ಮಾಹಿತಿಗೂ ಹೆಸರು ನಮೂದಿಸುವ ಎಂಎಂಸಿಐಎಫ್ ಮಾದರಿಯನ್ನು ಭಂಡಾರವು 2014ರಲ್ಲಿ ತನ್ನ ಪ್ರಮಾಣ ಮಾದರಿಯಾಗಿ ಅಂಗೀಕರಿಸಿತು. 2019ರಿಂದ ಸ್ಫಟಿಕ ವಿಧಾನದ ರಚನೆಗಳನ್ನು ಸಲ್ಲಿಸಲು ಅದು ಕಡ್ಡಾಯವಾಯಿತು.

ಒಬ್ಬರು ಬರೆದ ಇಂಪೋರ್ಟರನ್ನು ಸಾವಿರ ಮಂದಿ ಬಳಸಿದರೂ ಸವೆಯದು. ಅರ್ಥಶಾಸ್ತ್ರದಲ್ಲಿ ಇಂಥದ್ದನ್ನು ಸಾರ್ವಜನಿಕ ಸರಕು ಎನ್ನುತ್ತೇವೆ: ಎಲ್ಲರಿಗೂ ಬೇಕು, ಮಾಡಿದವರಿಗೆ ಮಾತ್ರ ಪ್ರತಿಫಲವಿಲ್ಲ. ಓಪನ್ ಬೇಬೆಲ್ ಎಂಬ ಮುಕ್ತ ತಂತ್ರಾಂಶ ನೂರಕ್ಕೂ ಹೆಚ್ಚು ಕಡತ ಮಾದರಿಗಳನ್ನು ಓದಬಲ್ಲುದಾದರೆ, ಅದು ಹಲವರು ಕೂಡಿಸಿಕೊಟ್ಟ ದುಡಿಮೆಯ ಫಲ. ನಮ್ಮಲ್ಲಿ ಸಂಶೋಧನೆಗೆ ಹಣ ನೀಡುವವರು ಎರಡು ಷರತ್ತು ವಿಧಿಸಬೇಕು. ದತ್ತಾಂಶದ ಜೊತೆಗೆ ಅದರ ಮಾನ ಮತ್ತು ಕಾಲಂಗಳ ವಿವರವನ್ನೂ ಸಲ್ಲಿಸಬೇಕು. ಇಂಪೋರ್ಟರ್ ಬರೆದ ಶ್ರಮವನ್ನು ಸಂಶೋಧನೆಯೆಂದೇ ಗಣಿಸಬೇಕು. ತೆರಿಗೆಯ ಹಣದಲ್ಲಿ ಒಮ್ಮೆ ಮಾಡಿದ ಪ್ರಯೋಗವನ್ನು ಕಡತ ತೆರೆಯದೆಂಬ ಕಾರಣಕ್ಕೆ ಮತ್ತೆ ಮಾಡುವಷ್ಟು ಸಿರಿತನ ನಮ್ಮದಲ್ಲ.

ಆಕೆ ತನ್ನ ಪ್ರೋಗ್ರಾಮನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿದ್ದಾಳೆ. ಪಿಎಚ್.ಡಿ. ಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯ ಸಿಕ್ಕುವುದೇ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.