ಹಳೇ ಪುಸ್ತಕದ ಅಂಗಡಿ: ಹಳೇದು ಯಾವುದು?

‘ಹಳೇ ಪುಸ್ತಕದ ಅಂಗಡಿ’ ಅಂದ್ರೆ ಹಳೇದು ಪುಸ್ತಕವೋ, ಅಂಗಡಿಯೋ? ಎರಡೂ ಆಗಬಹುದು. ಪದಗಳು ಅವೇ, ಕ್ರಮವೂ ಅದೇ. ಯಾವ ಪದ ಯಾವುದರ ಜೊತೆ ಮೊದಲು ಸೇರುತ್ತೆ ಅನ್ನೋದು ಮಾತ್ರ ಬೇರೆ. ನಾವು ಗಣಿತದಲ್ಲಿ ಬ್ರಾಕೆಟ್ ಹಾಕೋ ಹಾಗೆ: (ಹಳೇ ಪುಸ್ತಕದ) ಅಂಗಡಿ, ಅಥವಾ ಹಳೇ (ಪುಸ್ತಕದ ಅಂಗಡಿ).

ಹೀಗೆ ಪದಗಳು ಸೇರುವ ರೀತಿಯನ್ನು ನಿಯಮಗಳಾಗಿ ಬರೆಯೋದನ್ನ ನೋಮ್ ಚಾಮ್ಸ್ಕಿ 1957ರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಪುಸ್ತಕದಲ್ಲಿ ವಿವರಿಸಿದರು. ಇವೇ ಫ್ರೇಸ್ ಸ್ಟ್ರಕ್ಚರ್ ರೂಲ್ಸ್. ಇಂಗ್ಲಿಷಿಗೆ ಸರಳವಾಗಿ ಹೀಗೆ:

ವಾಕ್ಯ → ನಾಮಪದಗುಚ್ಛ + ಕ್ರಿಯಾಪದಗುಚ್ಛ
ಕ್ರಿಯಾಪದಗುಚ್ಛ → ಕ್ರಿಯಾಪದ + ನಾಮಪದಗುಚ್ಛ

ಈ ನಿಯಮಗಳನ್ನು ಬಳಸಿ ವಾಕ್ಯವನ್ನು ಒಂದು ಟ್ರೀ ಆಗಿ ಬಿಡಿಸೋದೇ ಪಾರ್ಸಿಂಗ್. ನಮ್ಮ ಸಿ ಪ್ರೋಗ್ರಾಮನ್ನು ಕಂಪೈಲರ್ ಓದೋದೂ ಇಂಥದ್ದೇ ನಿಯಮಗಳಿಂದ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತೆ. ಹಾಗಾದ್ರೆ ಎರಡನೇ ನಿಯಮವನ್ನು ತಿರುಗಿಸಿದರೆ ಸಾಕಾ? ಸಾಲದು. ‘ಸೀತೆ ರವಿಯನ್ನು ಕರೆದಳು’, ‘ರವಿಯನ್ನು ಸೀತೆ ಕರೆದಳು’ ಎರಡರಲ್ಲೂ ಕರೆದವಳು ಸೀತೆಯೇ. ಆದರೆ ಎರಡನೇ ವಾಕ್ಯದಲ್ಲಿ ‘ರವಿಯನ್ನು’ ಮತ್ತು ‘ಕರೆದಳು’ ಮಧ್ಯೆ ‘ಸೀತೆ’ ಬಂದು ಕೂತಿದ್ದಾಳೆ. ಕ್ರಿಯಾಪದಗುಚ್ಛವೇ ಒಡೆದುಹೋಯ್ತು!

ನಮಗೆ ಗೊಂದಲ ಆಗಲ್ಲ. ‘ಅನ್ನು’ ಅನ್ನೋ ವಿಭಕ್ತಿ ಪ್ರತ್ಯಯ ಕರ್ಮ ಯಾವುದು ಅಂತ ಹೇಳುತ್ತೆ, ‘ಕರೆದಳು’ವಿನ ‘ಅಳು’ ಕರ್ತೃ ಹೆಣ್ಣು ಅನ್ನುತ್ತೆ. ಇಂಗ್ಲಿಷ್ ಜಾಗದಿಂದ ತಿಳಿಸೋದನ್ನ ಕನ್ನಡ ಪ್ರತ್ಯಯದಿಂದ ತಿಳಿಸುತ್ತೆ.

ಪದದ ಜಾಗವನ್ನಷ್ಟೇ ನಂಬೋ ಪಾರ್ಸರ್‌ಗೆ ನಮ್ಮ ಸರಿಯಾದ ವಾಕ್ಯವೂ ಎರರ್! ತಪ್ಪಿರೋದು ಕನ್ನಡದಲ್ಲಲ್ಲ, ಆ ರೂಲ್‌ನಲ್ಲಿ. ಹಾಗಾಗಿ ನಾವು ಕನ್ನಡಕ್ಕೆ ಪಾರ್ಸರ್ ಬರೆಯೋಕೆ ಕೂತರೆ ಪದದ ಬಾಲವನ್ನು ಮೊದಲು ನೋಡೋಣ.