ಬಂದರಿಲ್ಲದ ಪಟ್ಟಣದ ದಕ್ಷಿಣ ದಿಕ್ಕು

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಅಕ್ಕನೂ ಭಾವನವರೂ ಮಗನೊಡನೆ ಮುಂಬಯಿಯಿಂದ ಜಯನಗರದ ನಮ್ಮ ಮನೆಗೆ ದಯಮಾಡಿಸಿದ್ದರು. ಬಂದ ಮರುದಿನ ಬೆಳಗ್ಗೆ ಕಾಫಿಯ ವೇಳೆಗೆ ಹನ್ನೊಂದು ವರ್ಷದ ಹುಡುಗನು, “ಮಾವ, ನಿಮ್ಮ ಊರಿನ ಬಂದರು ಎಲ್ಲಿದೆ?” ಎಂದು ಕೇಳಿದನು. ಗೇಟ್‌ವೇ ಆಫ್ ಇಂಡಿಯಾದ ಎದುರಿಗೆ ಹಡಗುಗಳನ್ನು ಕಂಡು ಬೆಳೆದವನಿಗೆ, ಪಟ್ಟಣವೆಂದಮೇಲೆ ಬಂದರು ಇರಲೇಬೇಕೆಂಬ ಎಣಿಕೆ. ಭಾವನವರು ನಕ್ಕು, “ಬಂದರು ಹಾಗಿರಲಿ, ಈ ಊರಿಗೆ ಒಂದು ಹೊಳೆಯಾದರೂ ಇದೆಯೇ?” ಎಂದರು. ನನಗೆ ಥಟ್ಟನೆ ಉತ್ತರ ತೋರಲಿಲ್ಲ. ಅತಿಥಿಗಳಿಗೆ ವಿಧಾನಸೌಧವನ್ನೂ ಕಬ್ಬನ್ ಪಾರ್ಕನ್ನೂ ತೋರಿಸಿ ಮುಗಿಸುವುದು ನಮ್ಮಲ್ಲಿ ರೂಢಿ. ಈ ಸಲ ಆ ಕಡೆಗೆ ಹೋಗದೆ, ಊರಿನ ದಕ್ಷಿಣ ಭಾಗದಲ್ಲಿಯೇ ಎರಡು ದಿನ ಸುತ್ತುವುದೆಂದು ನಿಶ್ಚಯಿಸಿದೆವು.

ಸೋಮವಾರ ಬೆಳಗ್ಗೆ ಲಾಲ್‌ಬಾಗಿಗೆ ಹೋದೆವು. 1760ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ಈ ತೋಟದ ಗಾಜಿನ ಮನೆಯನ್ನು ಅರಿಯದವರಿಲ್ಲ. ಅದರ ವರ್ಣನೆ ಇಲ್ಲಿ ಬೇಡ. ನಾವು ನೇರವಾಗಿ ಬಂಡೆಯನ್ನೇರಿದೆವು. ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂಗರ್ಭಶಾಸ್ತ್ರಜ್ಞರು ಗಣಿಸಿ, ಇದನ್ನು ರಾಷ್ಟ್ರೀಯ ಸ್ಮಾರಕಗಳ ಸಾಲಿಗೆ ಸೇರಿಸಿರುವರು. ಹಿಮಾಲಯವು ತಲೆಯೆತ್ತತೊಡಗಿ ಸುಮಾರು 5 ಕೋಟಿ ವರ್ಷಗಳಾದುವಷ್ಟೆ. ಈ ಬಂಡೆಯ ಮುಂದೆ ಅದು ಹಸುಗೂಸು. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವಿದೆ. ಊರು ಇಂತಹ ನಾಲ್ಕು ಗೋಪುರಗಳೊಳಗೇ ಇರಬೇಕೆಂಬ ಹಳೆಯ ಮಾತನ್ನು ಹೇಳಹೊರಟರೆ, ಸುತ್ತಲೂ ಕಣ್ಣಿಗೆ ಕಾಣುವಷ್ಟು ದೂರ ಮನೆಗಳೇ! (ಒಂಬತ್ತು ಗಂಟೆಯೊಳಗೆ ಹತ್ತಿರಿ, ಆಮೇಲೆ ಕಲ್ಲು ಕಾಯುವುದು.)

ಭಾವನವರ ಪ್ರಶ್ನೆಗೆ ಉತ್ತರ ನನಗೆ ಅಲ್ಲಿಯೇ ಹೊಳೆಯಿತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿ, ನೆಲದ ಬೆನ್ನೇಣಿನ ಮೇಲೆ ಕುಳಿತಿದೆ. ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆಯು ವೃಷಭಾವತಿಯಾಗಿ ಅರ್ಕಾವತಿಯನ್ನೂ ಕಾವೇರಿಯನ್ನೂ ಸೇರುವುದು. ಪೂರ್ವದ್ದು ದಕ್ಷಿಣ ಪಿನಾಕಿನಿಯ ಪಾಲು. ಇಂತಹ ಏರಿನ ಮೇಲೆ ದೊಡ್ಡ ಹೊಳೆಯೆಲ್ಲಿಂದ ಬರಬೇಕು? ಆದಕಾರಣ ಹಿಂದಿನವರು ಕಟ್ಟೆಗಳನ್ನು ಹಾಕಿ ಕೆರೆಗಳನ್ನು ಕಟ್ಟಿದರು, ಒಂದರ ಕೋಡಿಯ ನೀರು ಮತ್ತೊಂದಕ್ಕೆ ಬರುವಂತೆ.

ಅಂದು ಕಡೆಯ ಕಾರ್ತಿಕ ಸೋಮವಾರ, ಕಡಲೆಕಾಯಿ ಪರಿಷೆ. ಸಂಜೆ ಬಸವನಗುಡಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ರಸ್ತೆಯ ಎರಡು ಬದಿಗೂ ಹಸಿ ಕಡಲೆಕಾಯಿ, ಹುರಿದದ್ದು, ಬೇಯಿಸಿದ್ದು ರಾಶಿರಾಶಿಯಾಗಿದ್ದುವು. ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಗುಡಿ ಕಟ್ಟಿಸಿದರೆಂಬ ಕಥೆಯನ್ನು ಅಕ್ಕ ಮಗನಿಗೆ ಹೇಳಿದಳು. ಕಡಲೆಕಾಯಿಯ ಮೂಲ ದಕ್ಷಿಣ ಅಮೇರಿಕೆಯೆಂದೂ, ಅದು ಹಡಗಿನಲ್ಲಿ ಯಾವುದೋ ಬಂದರಿಗೆ ಬಂದಿಳಿದುದೆಂದೂ ನಾನು ಸೇರಿಸಿದೆ. ಹುಡುಗನಿಗೆ ಇದೇ ಹೆಚ್ಚು ಹಿಡಿಸಿತು. ಸುಮಾರು 15 ಅಡಿ ಎತ್ತರದ ಏಕಶಿಲಾ ನಂದಿಯ ಪಾದದಲ್ಲಿ ವೃಷಭಾವತಿಯು ಹುಟ್ಟಿತೆಂಬುದು ಜನರ ನಂಬಿಕೆ. ಇಂದು ಮೈಸೂರು ರಸ್ತೆಯ ಬದಿಯಲ್ಲಿ ಆ ನದಿಯನ್ನು ಮೂಗು ಮುಚ್ಚದೆ ದಾಟಲಾಗದು. 1974ರಿಂದೀಚೆಗೆ ನಾವು ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ ಯಂತ್ರಗಳ ಮೂಲಕ ಮೇಲಕ್ಕೆತ್ತಿ ತರುತ್ತೇವೆ. ಬಚ್ಚಲಿಗೆ ಬಿಟ್ಟ ಆ ನೀರಿನಲ್ಲಿ ಒಂದು ಪಾಲು ಇದೇ ವೃಷಭಾವತಿಯ ದಾರಿಯಿಂದ ಕಾವೇರಿಗೆ ಹಿಂದಿರುಗುವುದು. ತವರಿನಿಂದ ಬಂದ ಪಾತ್ರೆಯನ್ನು ತೊಳೆಯದೆ ಹಿಂದಕ್ಕೆ ಕಳುಹಿಸುವ ಮನೆಯನ್ನು ನಮ್ಮ ಗೃಹಿಣಿಯರು ಏನೆಂದಾರು?

ಜಯನಗರದ ಅಶೋಕಸ್ತಂಭವನ್ನು ದಾರಿಯಲ್ಲಿಯೇ ನೋಡಿದೆವು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಈ ಬಡಾವಣೆಗೆ ಶಂಕುಸ್ಥಾಪನೆ ಮಾಡಿದುದರ ಗುರುತು ಅದು. ರಾಗಿಯ ರಾಶಿಯೇ ಕಲ್ಲಾಯಿತೆಂಬ ಐತಿಹ್ಯವುಳ್ಳ ರಾಗಿಗುಡ್ಡದ ಆಂಜನೇಯನನ್ನೂ ಮಂಗಳವಾರ ಕಂಡು ಬಂದೆವು. ಆ ದಿನ ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ. ಅಕ್ಕನು ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚದೆ ಊರಿಗೆ ಹೋಗುವವಳಲ್ಲ. ಲಾಲ್‌ಬಾಗ್, ಜಯನಗರ, ಬನಶಂಕರಿ ಮೂರೂ 2017ರಲ್ಲಿ ತೆರೆದ ಮೆಟ್ರೋ ರೈಲಿನ ಒಂದೇ ಮಾರ್ಗದಲ್ಲಿರುವುದು ವೃದ್ಧರಿಗೂ ಮಕ್ಕಳಿಗೂ ಬಹಳ ಅನುಕೂಲ.

ನಾನು ತೋರಿಸಬೇಕೆಂದಿದ್ದುದು ಮಾತ್ರ ಬೇರೆ. ಅಂದು ಬೆಳಗ್ಗೆಯೇ ಜೆ.ಪಿ. ನಗರದ 7ನೆಯ ಹಂತದ ಪುಟ್ಟೇನಹಳ್ಳಿ ಕೆರೆಗೆ ಕರೆದೊಯ್ದಿದ್ದೆನು. ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಪುಟ್ಟೇನಹಳ್ಳಿಗೂ ಅಂತಹದೇ ಗತಿ ಕಾದಿತ್ತು. 2010ರಲ್ಲಿ ಸುತ್ತಲಿನ ಗೃಹಸ್ಥರೂ ಗೃಹಿಣಿಯರೂ ಒಂದು ಮಂಡಲಿಯನ್ನು ಮಾಡಿಕೊಂಡು ಅದರ ರಕ್ಷಣೆಗೆ ನಿಂತರು; ಗಿಡ ನೆಟ್ಟರು, ಕಳೆ ಕಿತ್ತರು. ನೆರೆಯ ವಸತಿಗೃಹಗಳ ಬಳಕೆಯ ನೀರನ್ನು ಶುದ್ಧಿಮಾಡಿ ಕೆರೆಗೆ ಬಿಡುವ ಏರ್ಪಾಟೂ ಆಯಿತು. “ಇದು ಸರಕಾರದ ಕೆಲಸವಲ್ಲವೇ?” ಎಂದು ಭಾವನವರು ಕೇಳಿದರು. “ಅಹುದು, ಆದರೆ ಕೆರೆ ಇವರ ಮನೆಯ ಮುಂದಿತ್ತಲ್ಲ” ಎಂದೆನು.

ಸಂಜೆ ಮಡಿವಾಳ ಕೆರೆಯ ಬಳಿ ನಿಂತೆವು. ಬಿ.ಟಿ.ಎಂ. ಎಂಬ ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳೆಂಬುದು ಅಲ್ಲಿ ವಾಸಿಸುವ ಎಷ್ಟೋ ಮಂದಿಗೆ ತಿಳಿಯದು. ಕೋಡಿಯ ನೀರು ಎಲ್ಲಿಗೆ ಹೋಗುವುದೆಂದು ಹುಡುಗನು ಕೇಳಿದನು. ಅಗರದ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಆಮೇಲೆ ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡನ್ನು ಹಾಯ್ದು ಕಡಲೂರಿನ ಬಳಿ ಸಮುದ್ರಕ್ಕೆ ಎಂದೆನು. “ನಿನ್ನೆ ನೋಡಿದ ಬಸವನ ನದಿಯೋ?” “ಕಾವೇರಿಯೊಡನೆ ಪೂಂಪುಹಾರಿಗೆ. ಚೋಳರ ಕಾಲದಲ್ಲಿ ಅದು ದೊಡ್ಡ ಬಂದರು.” ಅವನು ಬೆರಳು ಮಡಿಸಿ, “ಹಾಗಾದರೆ ನಿಮಗೆ ಎರಡು ಬಂದರು!” ಎಂದನು.

ಹೆಜ್ಜಾರ್ಲೆಗಳು ನೀರಿನ ನಡುವಣ ಮರಗಳಿಗೆ ಇಳಿಯುತ್ತಿದ್ದುವು. ಕತ್ತಲಾಗುತ್ತ ಬಂದುದರಿಂದ ಮನೆಯ ಕಡೆಗೆ ಹೊರಟೆವು.