ಮೇಲಿನ ಗೆರೆ ದಾಟಿದರೂ ಆಟ ಮುಗಿಯದೇಕೆ?

ಪ್ರಶ್ನೆ: ಟೆಟ್ರಿಸ್‌ನಲ್ಲಿ ಇಟ್ಟಿಗೆ ಮೇಲಿನ ಅಂಚು ದಾಟಿದರೂ ಕೆಲವೊಮ್ಮೆ ಆಟ ಮುಂದುವರಿಯುತ್ತದಲ್ಲ, ಹೇಗೆ?

ಉತ್ತರ: ನೀವು ನೋಡಿದ್ದು ಪರದೆಯ ಅಂಚು, ಆಟದ ಅಂಚಲ್ಲ. ಇಂದಿನ ಅಧಿಕೃತ ಟೆಟ್ರಿಸ್‌ಗಳಲ್ಲಿ ಕಣ್ಣಿಗೆ ಕಾಣುವುದು 10 ಮನೆ ಅಗಲ, 20 ಮನೆ ಎತ್ತರದ ಅಂಕಣ. (ಹಳೆಯ ಗೇಮ್ ಬಾಯ್‌ನ ಪುಟ್ಟ ಪರದೆಯಲ್ಲಿ ಕಾಣುತ್ತಿದ್ದುದು 18 ಸಾಲು ಅಷ್ಟೇ.) ಅದರ ಮೇಲೆ, ಮನೆಯ ಅಟ್ಟದ ಹಾಗೆ, ಕಾಣದ ಸಾಲುಗಳಿವೆ. ಇಟ್ಟಿಗೆಯ ಒಂದು ತುಣುಕಾದರೂ ಅಟ್ಟದ ಕೆಳಗೆ ಕೂತರೆ ಬಚಾವ್. ಇಡಿಯಾಗಿ ಅಟ್ಟದಲ್ಲೇ ಕೂತರೆ, ಇಲ್ಲವೇ ಹೊಸ ಇಟ್ಟಿಗೆ ಹುಟ್ಟುವ ಜಾಗವೇ ತುಂಬಿದ್ದರೆ, ಆಟ ಮುಗಿಯಿತು.

ನೀವು ಕೇಳದಿದ್ದರೂ ಹೇಳಬೇಕು, ಪಕ್ಕದ ಗೋಡೆಗಳ ಕಥೆ ಇನ್ನೂ ಸ್ವಾರಸ್ಯ. ನಿಂಟೆಂಡೊದ 1989ರ ಎನ್‌ಇಎಸ್ ಆವೃತ್ತಿಯಲ್ಲಿ ಉದ್ದ ಕಡ್ಡಿಯನ್ನು ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿ, ತಿರುಗಿಸಲು ನೋಡಿ. ಜಪ್ಪಯ್ಯ ಅಂದರೂ ತಿರುಗದು! ತಿರುಗಿದರೆ ತುದಿ ಗೋಡೆಯೊಳಗೆ ಹೋಗುತ್ತದಲ್ಲ, ಅದಕ್ಕೆ. ಈಗಿನ ಆಟಗಳು ಅಷ್ಟು ಕಟುಕರಲ್ಲ. ಇಟ್ಟಿಗೆಯನ್ನು ತಾವೇ ಅತ್ತಿತ್ತ ಸರಿಸಿ, ಮೂಲ ಜಾಗವೂ ಸೇರಿ ಐದು ಕಡೆ ಹಿಡಿಸುತ್ತದೆಯೇ ಎಂದು ನೋಡುತ್ತವೆ. ಎಲ್ಲೂ ಹಿಡಿಸದಿದ್ದರೆ ಮಾತ್ರ ಕೈಚೆಲ್ಲುತ್ತವೆ. ನನಗೇನೋ ಹಳೆಯ ಹಟಮಾರಿ ಗೋಡೆಯೇ ಇಷ್ಟ.